ಮಾವಿನ ಸಿಪ್ಪೆಯ ರೋಗನಿರೋಧ

ಬೇಸಗೆ ಬಂತೆಂದರೆ ರತ್ನಾಗಿರಿ, ದೇವಗಡಗಳ ಆಪೂಸು ಮಾವು ನವಿ ಮುಂಬಯಿಯ ವಾಶಿ ಮಾರುಕಟ್ಟೆಯಲ್ಲಿ ಬಂದಿಳಿಯುತ್ತದೆ. ಕರ್ನಾಟಕದ ಮಾವೂ ಅದರೊಡನೆ ಸೇರುತ್ತದೆ. ಅಲ್ಲಿಂದ ಠಾಣೆ, ಡೊಂಬಿವಲಿ, ಕಲ್ಯಾಣಗಳ ಮನೆಗಳಿಗೆ ಹೋದ ಕಾಯಿಯನ್ನು ಹುಲ್ಲಿನಲ್ಲಿಟ್ಟು ಹಣ್ಣುಮಾಡುವಾಗ, ನಿಷ್ಕಳಂಕವಾಗಿದ್ದ ಸಿಪ್ಪೆಯ ಮೇಲೆ ಕೆಲವೇ ದಿನಗಳಲ್ಲಿ ಕಪ್ಪು ಕಲೆಗಳು ಮೂಡುವುದುಂಟು. ಇದೇ ಚಿಬ್ಬುರೋಗ. ಮನುಷ್ಯನ ಚರ್ಮದ ಮೇಲಣ ಕಲೆಗೆ ಸಲ್ಲುವ ಮಾತನ್ನು ಕನ್ನಡವು ಮಾವಿನ ಸಿಪ್ಪೆಗೂ ಸಲ್ಲಿಸಿದೆ. ಕೊಂಡವರು ವ್ಯಾಪಾರಿಯನ್ನು ದೂರುತ್ತಾರೆ. ಆದರೆ ರೋಗವು ಕಾಯಿಯನ್ನು ಹೊಕ್ಕುದು ಬಹುಮಟ್ಟಿಗೆ ತೋಟದಲ್ಲಿಯೇ.

ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರ ಇದಕ್ಕೆ ಕಾರಣ. ಮಳೆಹನಿಯೊಡನೆ ಎಳೆಗಾಯಿಯ ಮೇಲೆ ಬಿದ್ದ ಅದರ ಬೀಜಾಣು ಮೊಳೆತು, ಸಿಪ್ಪೆಯ ಹೊರಪದರವನ್ನು ಭೇದಿಸಿ, ಅಲ್ಲಿಯೇ ಸುಪ್ತವಾಗಿ ಉಳಿಯುತ್ತದೆ. ಹೊಕ್ಕ ಶತ್ರುವನ್ನು ಕಾಯಿ ತಡೆದು ನಿಲ್ಲಿಸುವುದು ಹೇಗೆ?

ಎಳೆಗಾಯಿಯ ಸಿಪ್ಪೆಯಲ್ಲಿ ರೆಸಾರ್ಸಿನಾಲ್ ವರ್ಗದ ಶಿಲೀಂಧ್ರನಾಶಕ ಸಂಯುಕ್ತಗಳಿವೆ. ಇಸ್ರೇಲಿನ ಪ್ರಸ್ಕಿ ಮತ್ತು ಸಂಗಡಿಗರು 1980ರ ದಶಕದಲ್ಲಿ, ಮಾವಿಗೆ ಕಪ್ಪು ಚುಕ್ಕೆ ತರುವ ಆಲ್ಟರ್ನೇರಿಯ ಶಿಲೀಂಧ್ರವನ್ನು ಇವು ತಡೆಯುತ್ತವೆಂದೂ ಹಣ್ಣಾಗುತ್ತ ಇವು ಕುಗ್ಗಿದಂತೆ ರೋಗ ತಲೆಯೆತ್ತುತ್ತದೆಂದೂ ತೋರಿಸಿದರು. ಚಿಬ್ಬುರೋಗದ ಶಿಲೀಂಧ್ರಕ್ಕೂ ಇವು ಪ್ರತಿಕೂಲವೆಂಬುದು ಮುಂದಿನ ಸಂಶೋಧನೆಗಳಿಂದ ತಿಳಿಯಿತು. ಸಿಪ್ಪೆಯ ಗ್ಯಾಲೊಟ್ಯಾನಿನ್‌ಗಳು ಎರಡನೆಯ ರಕ್ಷೆ. ಮೂರನೆಯದು ಸೊನೆ: ಅದರಲ್ಲಿರುವ ಕೈಟಿನೇಸ್ ಎಂಬ ಕಿಣ್ವವು ಶಿಲೀಂಧ್ರದ ಕೋಶಭಿತ್ತಿಯಲ್ಲಿರುವ ಕೈಟಿನನ್ನು ತುಂಡರಿಸುತ್ತದೆ. ತಿನ್ನುವವರ ತುಟಿಯನ್ನು ಸುಡುವ ಸೊನೆಯೇ ಕಾಯಿಗೆ ಕಾವಲು.

ಕಾಯಿಗೂ ಹಣ್ಣಿಗೂ ನಡುವಣ ಅವಸ್ಥೆಯನ್ನು ಕನ್ನಡವು ದೋರೆಗಾಯಿ ಎಂಬ ಪ್ರತ್ಯೇಕ ಪದದಿಂದ ಗುರುತಿಸಿದೆ. ರಸಾಯನದ ದೃಷ್ಟಿಯಿಂದಲೂ ಇದು ಸಂಧಿಕಾಲವೇ. ಹುಳಿ ಇಳಿಯುತ್ತದೆ, ಸಕ್ಕರೆ ಏರುತ್ತದೆ, ರೆಸಾರ್ಸಿನಾಲ್ ಕ್ಷೀಣಿಸುತ್ತದೆ. ಆಗ ಎಚ್ಚೆತ್ತ ಶಿಲೀಂಧ್ರ ಅಮೋನಿಯವನ್ನು ಸ್ರವಿಸಿ ಸುತ್ತಣ ಆಮ್ಲೀಯತೆಯನ್ನು ತಗ್ಗಿಸುತ್ತದೆ. ಆ ಸ್ಥಿತಿಯಲ್ಲಿ ಅದರ ಕಿಣ್ವಗಳು ಚುರುಕಾಗಿ, ಕೋಶಗಳನ್ನು ಬೆಸೆದಿರುವ ಪೆಕ್ಟಿನನ್ನು ಕರಗಿಸುತ್ತವೆ. ಕಲೆ ಹರಡುತ್ತದೆ.

ಈ ತಿಳಿವಳಿಕೆ ಬರಿಯ ಪಾಂಡಿತ್ಯವಲ್ಲ. ಬೆಳೆಗಾರನ ವರ್ಷದ ದುಡಿಮೆ ಇದನ್ನು ಅವಲಂಬಿಸಿದೆ. ಕಾಯಿಯನ್ನು ತೊಟ್ಟುಸಹಿತ ಕೊಯ್ದರೆ ಸೊನೆ ಸೋರಿ ಸಿಪ್ಪೆ ಸುಡುವುದಿಲ್ಲ. ರಕ್ಷಕದ್ರವ್ಯವೂ ಒಳಗೇ ಉಳಿಯುತ್ತದೆ. ಕೊಯ್ದ ಬಳಿಕ ಸುಮಾರು 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 5ರಿಂದ 10 ನಿಮಿಷ ಅದ್ದಿದರೆ ಸಿಪ್ಪೆಯಲ್ಲಿ ಅಡಗಿದ ಶಿಲೀಂಧ್ರ ಬಹುಮಟ್ಟಿಗೆ ನಾಶವಾಗುತ್ತದೆ. ರಕ್ಷಕ ಸಂಯುಕ್ತಗಳ ಪ್ರಮಾಣ ತಳಿಯಿಂದ ತಳಿಗೆ ಬೇರೆಯಾದುದರಿಂದ, ತಳಿಗಳ ಆಯ್ಕೆಗೂ ಇದೊಂದು ಅಳತೆಗೋಲು.

ಆದರೂ ಈ ರಕ್ಷೆಗೆ ಅವಧಿಯುಂಟು. ಮಾವನ್ನು ನಮಗೆ ಸವಿಯಾಗಿಸುವ ಮಾಗುವಿಕೆಯೇ ಅದನ್ನು ಶಿಲೀಂಧ್ರಕ್ಕೂ ಸುಲಭದ ತುತ್ತಾಗಿಸುತ್ತದೆ.