ನಗದಿದ್ದರೆ ಬಿಡಿ, ಫೋಟೋ ತೆಗೆಯಿರಿ!

ಹುಟ್ಟುಹಬ್ಬ ಬಂತೆಂದರೆ ಮಗುವಿಗೆ ಜರಿಲಂಗ ತೊಡಿಸಿ, ‘ಎಲ್ಲಿ, ನಗು ಪುಟ್ಟೀ’ ಎಂದು ಗದರಿಸಿ ಫೋಟೋ ತೆಗೆಸುವವರು ನಾವು! ನನ್ನ ಮಗಳ ಐದನೇ ವರ್ಷದ ಫೋಟೋ ನೋಡಿದರೆ ಈಗಲೂ ಸಂಕಟ. ಅಳು ನುಂಗಿಕೊಂಡ ಆ ಮುಖ ಅವಳದ್ದಲ್ಲವೇ ಅಲ್ಲ. ಆ ವರ್ಷವೆಲ್ಲ ಅವಳಿಗೆ ಇರುವೆಗಳ ಹುಚ್ಚು. ಹಿತ್ತಲಲ್ಲಿ ಸಕ್ಕರೆ ಚೆಲ್ಲಿ ಗಂಟೆಗಟ್ಟಲೆ ನೋಡ್ತಾ ಕೂರೋಳು. ಅದರದ್ದೊಂದು ಚಿತ್ರವೂ ನನ್ನಲ್ಲಿಲ್ಲ.

ನೀವು ಹೀಗೆ ಮಾಡಬೇಡಿ. ಅಡುಗೆಯಾಟ, ಗಾಳಿಪಟ, ಹಳೇ ಟೈರು, ಮಗುವಿಗೆ ಯಾವುದು ಪ್ರಾಣವೋ ಅದನ್ನೇ ಕೊಟ್ಟು ಬಾಗಿಲ ಬಳಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿ ಆಡಲು ಬಿಡಿ. ನೀವೂ ನೆಲದ ಮೇಲೆ ಕೂತು ಅದರ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಹಿಡಿಯಿರಿ. ಮೊಬೈಲಾದರೂ ಸಾಕು, ಫ್ಲ್ಯಾಷ್ ಬೇಡ. ಮಗು ನಿಮ್ಮನ್ನು ಮರೆಯುವವರೆಗೂ ಸುಮ್ಮನಿರಿ. (ಅಜ್ಜಿಯರನ್ನು ಒಳಗೆ ಕಳಿಸಿ, ‘ಇಲ್ಲಿ ನೋಡು ಕಂದಾ’ ಅನ್ನದೆ ಇರಲಾರರು. ನಾನೂ ಅಜ್ಜಿಯೇ, ಗೊತ್ತು!)

ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ, ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ತೆಗೆದ ಮಕ್ಕಳ ಚಿತ್ರಗಳನ್ನು ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿಸಿತ್ತು. ಸಿಕ್ಕರೆ ಅವನ್ನೊಮ್ಮೆ ನೋಡಿ.

ಮೊನ್ನೆ ಮೊಮ್ಮಗ ಹಳೇ ಗಡಿಯಾರ ಬಿಚ್ಚುತ್ತಿದ್ದಾಗ ಒಂದು ತೆಗೆದೆ. ಮುಖ ಅರ್ಧವೇ ಕಾಣುತ್ತದೆ, ಮೂಗಿನ ಮೇಲೆ ಮಸಿ. ಮಗಳು ಅದಕ್ಕೇ ಫ್ರೇಮ್ ಹಾಕಿಸಿದ್ದಾಳೆ.