ಜಿಂಕೆ ಬೇಟೆಯ ಊರಿನಲ್ಲಿ ರಜೆ: ಮಕ್ಕಳ ಕಷ್ಟದ ಪ್ರಶ್ನೆಗೆ ಕನ್ನಡದಲ್ಲೇ ಉತ್ತರ

2025ರ ನವೆಂಬರ್ 1 ಶನಿವಾರವಾಗಿತ್ತು. ನಮಗೆ ಅದು ಕನ್ನಡ ರಾಜ್ಯೋತ್ಸವ. ಟೆಕ್ಸಾಸಿನ ಹಳ್ಳಿಗಳಿಗೆ ಅದೇ ದಿನ ಇನ್ನೊಂದು ಹಬ್ಬ, ಬಿಳಿಬಾಲದ ಜಿಂಕೆಯ ಬೇಟೆಗೆ ಬಾಗಿಲು ತೆರೆಯುವ ದಿನ. ಇಲ್ಲಿ ಈ ಋತು ಪ್ರತಿವರ್ಷ ನವೆಂಬರಿನ ಮೊದಲ ಶನಿವಾರ ಶುರುವಾಗುತ್ತದೆ. ರಾಜ್ಯದ ಉತ್ತರ ವಲಯದಲ್ಲಿ ಜನವರಿಯ ಮೊದಲ ಭಾನುವಾರದವರೆಗೆ ನಡೆಯುತ್ತದೆ. ಹಾಗಾಗಿ ಥ್ಯಾಂಕ್ಸ್‌ಗಿವಿಂಗ್, ಕ್ರಿಸ್ಮಸ್, ಹೊಸ ವರ್ಷ ಎಲ್ಲವೂ ಬೇಟೆಯ ದಿನಗಳ ಒಳಗೇ ಬರುತ್ತವೆ.

ಇರ್ವಿಂಗ್‌ನ ಅಪಾರ್ಟ್‌ಮೆಂಟಿನಲ್ಲಿ ಕುಳಿತವರಿಗೆ ಇದರ ಸುಳಿವೇ ಸಿಗುವುದಿಲ್ಲ. ಆದರೆ ಮಕ್ಕಳಿಗೆ ವಾರವಿಡೀ ರಜೆ ಸಿಕ್ಕಿದಾಗ ನಮ್ಮಲ್ಲಿ ಎಷ್ಟೋ ಕುಟುಂಬಗಳು ಎರಡು ಕಾರು ಮಾಡಿಕೊಂಡು ಹಿಲ್ ಕಂಟ್ರಿ ಕಡೆ ಹೊರಡುತ್ತವೆ. ಹ್ಯಾಮಿಲ್ಟನ್, ಲ್ಯಾಂಪಸಸ್, ಬರ್ನೆಟ್ ದಾಟಿ ಸುಮಾರು ನಾಲ್ಕು ಗಂಟೆ ಓಡಿಸಿದರೆ ಲ್ಯಾನೋ. ಆಸ್ಟಿನ್‌ನವರಿಗೆ ಇನ್ನೂ ಹತ್ತಿರ. ಹೊಳೆ ದಂಡೆಯ ಲಾಡ್ಜು, ಕಲ್ಲುಬಂಡೆ, ರಾತ್ರಿ ಆಕಾಶದ ತುಂಬ ನಕ್ಷತ್ರ, ಇಷ್ಟನ್ನು ನೆನೆಸಿಕೊಂಡು ಹೋಗಿರುತ್ತೀರಿ. ಅಲ್ಲಿ ನೋಡಿದರೆ ‘ಬೇಟೆಗಾರರಿಗೆ ಸ್ವಾಗತ’ ಎಂಬ ಫಲಕ, ಪಿಕಪ್ ಟ್ರಕ್ಕುಗಳ ಸಾಲು, ಲಾಡ್ಜಿನ ಹಿಂದೆ ತೂಗುಹಾಕಿದ ಜಿಂಕೆ. ಹಿಂದಿನ ಸೀಟಿನಿಂದ ಪ್ರಶ್ನೆಗಳು ಶುರುವಾಗುತ್ತವೆ.

ಆ ಪ್ರಶ್ನೆಗಳಿಗೆ ನೀವು ಯಾವ ಭಾಷೆಯಲ್ಲಿ ಉತ್ತರ ಕೊಡುತ್ತೀರಿ? ಈ ಲೇಖನ ಅದರ ಬಗ್ಗೆ.

ಲಾಡ್ಜಿನವರ ಸುಗ್ಗಿ

ಮೊದಲು ಆ ಲಾಡ್ಜು ನಡೆಸುವವರ ಬದುಕನ್ನು ತಿಳಿದುಕೊಳ್ಳೋಣ. ಮಕ್ಕಳಿಗೆ ಹೇಳುವ ಮಾತಿಗೆ ಅದೇ ತಳಪಾಯ.

ಟೆಕ್ಸಾಸಿನ ನೆಲದಲ್ಲಿ ಶೇಕಡಾ 95ರಷ್ಟು ಖಾಸಗಿಯವರದು. ಕಾಡುಜಿಂಕೆ ಯಾರೊಬ್ಬರ ಆಸ್ತಿಯೂ ಅಲ್ಲ, ಅದು ರಾಜ್ಯದ ಜನರದು. ಆದರೆ ಅದು ಮೇಯುವ ಜಮೀನಿಗೆ ಒಡೆಯರಿದ್ದಾರೆ. ಹಾಗಾಗಿ ಬೇಟೆಗಾರರು ಸರ್ಕಾರಕ್ಕೆ ಪರವಾನಗಿ ಶುಲ್ಕ ಕಟ್ಟಿ, ಜಮೀನಿನವರಿಗೆ ಬೇರೆ ಹಣ ಕೊಡಬೇಕು. ಕೆಲವರು ಇಡೀ ವರ್ಷಕ್ಕೆ ಗುತ್ತಿಗೆ ಹಿಡಿಯುತ್ತಾರೆ, ಕೆಲವರು ಎರಡು ಮೂರು ದಿನ ಲಾಡ್ಜಿನಲ್ಲಿದ್ದು ಹೋಗುತ್ತಾರೆ. ಮಳೆ ಕಡಿಮೆ, ಮಣ್ಣು ತೆಳು, ಕಲ್ಲುನೆಲ. ಅಲ್ಲಿ ದನ ಸಾಕಿ ಬರುವುದಕ್ಕಿಂತ ಹೆಚ್ಚು ಹಣ ಬೇಟೆಯಿಂದ ಬರುವ ರ್ಯಾಂಚ್‌ಗಳು ಅನೇಕ ಇವೆ. ಲ್ಯಾನೋ ತನ್ನನ್ನು ಟೆಕ್ಸಾಸಿನ ಜಿಂಕೆ ರಾಜಧಾನಿ ಎಂದು ಕರೆದುಕೊಳ್ಳುವುದು ಸುಮ್ಮನೆ ಅಲ್ಲ.

ನಮ್ಮ ರೈತನಿಗೆ ಸುಗ್ಗಿ ಹೇಗೋ, ಇವರಿಗೆ ಈ ಎರಡು ತಿಂಗಳು ಹಾಗೆ. ಮಚಾನುಗಳಲ್ಲಿ ಕಟ್ಟಿದ ಕಣಜದ ಗೂಡು ತೆಗೆಸಬೇಕು. ಜಿಂಕೆಗೆ ಮೆಕ್ಕೆಜೋಳ ಹಾಕುವ ಡಬ್ಬಿಗಳನ್ನು ತುಂಬಿಸಬೇಕು. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲು ಬೇಟೆಗೆ ಅನುಮತಿ ಇರುವುದರಿಂದ ಬೆಳಗಿನ ಜಾವ ನಾಲ್ಕಕ್ಕೇ ಕಾಫಿ, ತಿಂಡಿ ಸಿದ್ಧವಾಗಬೇಕು. ಸಂಜೆ ಮಾಂಸ ಇಡಲು ಶೀತಕೋಣೆ ಖಾಲಿ ಇರಬೇಕು. ಇದರ ನಡುವೆ ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ ನಮ್ಮಂಥವರು ಬಂದಿಳಿಯುತ್ತೇವೆ. ಒಂದು ಕಡೆ ಸದ್ದಾಗಬಾರದು ಎನ್ನುವ ಬೇಟೆಗಾರ, ಇನ್ನೊಂದು ಕಡೆ ಕಿರುಚಿ ಓಡಾಡುವ ಆರು ಮಕ್ಕಳು. ಇಬ್ಬರನ್ನೂ ಸಂಭಾಳಿಸುವುದೇ ಲಾಡ್ಜಿನವರ ಕಸುಬು. ಈ ವಾರಗಳು ಕೈಕೊಟ್ಟರೆ ಆ ನಷ್ಟ ತುಂಬಿಕೊಳ್ಳಲು ಮುಂದಿನ ನವೆಂಬರಿನವರೆಗೆ ಕಾಯಬೇಕು.

‘ನೋವಾಯಿತಾ ಅದಕ್ಕೆ?’

ಹೋದ ವರ್ಷ ಲ್ಯಾನೋ ಹತ್ತಿರ ನಾವು ಉಳಿದಿದ್ದ ಲಾಡ್ಜಿನ ಒಡತಿ ಅರವತ್ತು ದಾಟಿದವರು. ಹಿತ್ತಲಲ್ಲಿ ತೂಗುಹಾಕಿದ್ದ ಜಿಂಕೆಯನ್ನು ನಮ್ಮ ಏಳು ವರ್ಷದ ಮಗಳು ನೋಡಿಬಿಟ್ಟಳು. ‘ಅಮ್ಮಾ, ಡಿಡ್ ಇಟ್ ಹರ್ಟ್?’ ಎಂದು ಕೇಳಿದಳು. ಇಂಥ ಪ್ರಶ್ನೆ ಇಂಗ್ಲಿಷಿನಲ್ಲೇ ಬರುತ್ತದೆ, ಗಮನಿಸಿದ್ದೀರಾ? ಹಸಿವು, ನಿದ್ದೆ, ತಿಂಡಿ, ಅಜ್ಜಿಯ ಫೋನು ಕನ್ನಡದಲ್ಲಿ. ಸಾವು, ಭಯ, ನ್ಯಾಯ, ಅನ್ಯಾಯ ಇಂಗ್ಲಿಷಿನಲ್ಲಿ.

ನಾನು ಕನ್ನಡದಲ್ಲೇ ಹೇಳಿದೆ: ‘ನೋವಾಗಿರತ್ತೆ ಪುಟ್ಟಿ. ಗುರಿ ಸರಿಯಾಗಿ ಬಿದ್ದರೆ ಬೇಗ ಜೀವ ಹೋಗತ್ತೆ. ತಪ್ಪಿದರೆ ಬಹಳ ನರಳತ್ತೆ. ಅದಕ್ಕೇ ಒಳ್ಳೆ ಬೇಟೆಗಾರರು ಅನುಮಾನ ಇದ್ದರೆ ಗುಂಡು ಹೊಡೆಯೋದಿಲ್ಲ.’ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಜೀವ ಹೋದ ಮೇಲೆ ಎಲ್ಲಿಗೆ ಹೋಗತ್ತೆ?’ ಎಂದಳು. ಈ ಸಲ ಕನ್ನಡದಲ್ಲಿ. ಜೀವ ಎನ್ನುವ ಪದಕ್ಕೆ ಇಂಗ್ಲಿಷಿನಲ್ಲಿ ಸರಿಸಾಟಿ ಇಲ್ಲವಾದ್ದರಿಂದ ಆ ಮಾತನ್ನು ಅವಳು ಕನ್ನಡದಲ್ಲೇ ಮುಂದುವರಿಸಬೇಕಾಯಿತು.

ನನ್ನ ಸಂಶೋಧನೆಯ ಕ್ಷೇತ್ರ ಭಾಷೆಯಲ್ಲ. ಆದರೆ ಎರಡು ಭಾಷೆಯ ಮಕ್ಕಳ ತಾಯಿಯಾಗಿ ಭಾಷಾವಿಜ್ಞಾನಿ ಫ್ರಾಂಸ್ವಾ ಗ್ರೋಜಾನ್ ಅವರ ಒಂದು ಮಾತನ್ನು ಹಿಡಿದುಕೊಂಡಿದ್ದೇನೆ. ಅವರು ಅದನ್ನು ಪೂರಕತೆಯ ತತ್ವ ಎನ್ನುತ್ತಾರೆ. ದ್ವಿಭಾಷಿಕರು ಬೇರೆ ಬೇರೆ ಸಂದರ್ಭಕ್ಕೆ, ಬೇರೆ ಬೇರೆ ಜನರ ಜೊತೆ, ಬೇರೆ ಬೇರೆ ಭಾಷೆ ಬಳಸುತ್ತಾರೆ. ಯಾವ ವಿಷಯಕ್ಕೆ ಯಾವ ಭಾಷೆ ಬಳಕೆಯಾಗುವುದಿಲ್ಲವೋ ಆ ವಿಷಯದ ಪದಗಳು ಆ ಭಾಷೆಯಲ್ಲಿ ಬೆಳೆಯುವುದೇ ಇಲ್ಲ. ಅಂದರೆ ಕನ್ನಡವನ್ನು ಊಟದ ಮೇಜಿಗೂ ಹಬ್ಬದ ಸೀರೆಗೂ ಸೀಮಿತ ಮಾಡಿದರೆ, ಹದಿನೈದರ ವಯಸ್ಸಿಗೆ ನಮ್ಮ ಮಕ್ಕಳಿಗೆ ನಮ್ಮ ಜೊತೆ ಗಂಭೀರವಾದ ಮಾತಾಡಲು ಭಾಷೆಯೇ ಇರುವುದಿಲ್ಲ. ಮಗುವಿನ ಮನಸ್ಸು ಮಿಡಿದಿರುವಾಗ ಆಡಿದ ಮಾತು ಮರೆಯುವುದಿಲ್ಲ. ಆದ್ದರಿಂದ ಬೇಟೆಯ ಊರಿನ ಆ ಪ್ರಶ್ನೆಯನ್ನು ‘ಆಮೇಲೆ ಹೇಳ್ತೀನಿ’ ಎಂದು ಮುಂದೂಡಬೇಡಿ.

ನಮ್ಮ ನಾಡಿನ ಬೇಟೆಯ ಕಥೆ

ಬೇಟೆ ಎಂದರೆ ಅಮೆರಿಕದವರ ಹುಚ್ಚು ಎಂದು ಮಕ್ಕಳಿಗೆ ಹೇಳಿ ಮುಗಿಸುವುದು ಸುಲಭ. ಅದು ನಿಜವಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೇ ಶತಮಾನದ ವೀರಗಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನಿಗೆ ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣ, ಏನು ಬೇಕೋ ಕೇಳು ಎಂದನಂತೆ. ಅವನು ಹೊನ್ನು, ಭೂಮಿ ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿ ಕಾಡುಹಂದಿಯ ಜೊತೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನೆಡಿಸಿದರು. ಸಾವಿರ ವರ್ಷದ ಹಿಂದೆ ಒಂದು ನಾಯಿಗೆ ಕನ್ನಡದಲ್ಲಿ ಶಾಸನ! ಈ ಕಥೆ ಕೇಳಿದ ಮಗು ಮಲಗುವ ಮುಂಚೆ ಮತ್ತೊಮ್ಮೆ ಕೇಳದಿದ್ದರೆ ಹೇಳಿ.

ಕೊಡಗಿನ ಕುಟುಂಬಗಳಿಗೆ ಬೇರೆ ಕಥೆಗಳೇ ಇವೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಮನೆಯ ಮಗುವಿಗೆ ಟೆಕ್ಸಾಸಿನ ನವೆಂಬರ್ ಅಷ್ಟು ವಿಚಿತ್ರವಾಗಿ ಕಾಣಲಿಕ್ಕಿಲ್ಲ. ಮಾಂಸ ಮುಟ್ಟದ ಮನೆಯವರಾದರೆ ಅದನ್ನೂ ನೇರವಾಗಿ ಹೇಳಿ: ನಾವು ತಿನ್ನುವುದಿಲ್ಲ, ಏಕೆ ತಿನ್ನುವುದಿಲ್ಲ, ತಿನ್ನುವವರನ್ನು ಏಕೆ ಕೀಳಾಗಿ ಕಾಣಬಾರದು. ಈ ಮೂರೂ ಮಾತು ಕನ್ನಡದಲ್ಲಿ ಆಗಲಿ.

ಇನ್ನು ಕಬಿನಿ. ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ ಮೈಸೂರು ಮಹಾರಾಜರ ಬೇಟೆ ಬಂಗಲೆ ಇದ್ದ ಜಾಗದಲ್ಲೇ ಈಗ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಲಾಡ್ಜು ಇದೆ. ಅದನ್ನು ಬಹುಕಾಲ ಮುನ್ನಡೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ (1916–2010) ಹಿಂದೆ ಸ್ವತಃ ಶಿಕಾರಿ ಮಾಡಿದವರು, ಆಮೇಲೆ ಕಾಡು ಕಾಯುವವರಾದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ದೇಶದಲ್ಲಿ ಬೇಟೆಗೆ ಕಡಿವಾಣ ಹಾಕಿತು. 1991ರ ತಿದ್ದುಪಡಿ ಪರವಾನಗಿ ಪಡೆದು ಮಾಡುವ ಬೇಟೆಯನ್ನೂ ನಿಲ್ಲಿಸಿತು. ಅಲ್ಲಿನ ಲಾಡ್ಜಿಗೆ ಜನ ಬರುವುದು ಪ್ರಾಣಿಯನ್ನು ನೋಡಲು, ಇಲ್ಲಿನ ಲಾಡ್ಜಿಗೆ ಬೇಟೆಯಾಡಲು. ಎರಡೂ ಕಡೆ ಕಾಡಿನ ಪ್ರಾಣಿಯಿಂದಲೇ ಊರಿನ ಹೊಟ್ಟೆ ತುಂಬುತ್ತದೆ.

ಯಾವುದು ಸರಿ ಎಂದು ಮಗು ಕೇಳಿದರೆ ತೀರ್ಪು ಕೊಡುವ ಅವಸರ ಬೇಡ. ಇಲ್ಲಿ ಬಿಳಿಬಾಲದ ಜಿಂಕೆಗಳು ಐವತ್ತು ಲಕ್ಷ ಮೀರಿವೆ. ತೋಳಗಳು ಇಲ್ಲವಾಗಿವೆ, ಜಿಂಕೆ ಹೆಚ್ಚಾದರೆ ಚಿಗುರನ್ನೆಲ್ಲ ಮೇದು ಕೊನೆಗೆ ತಾವೇ ಉಪವಾಸ ಬೀಳುತ್ತವೆ. ನಮ್ಮಲ್ಲಿ ಹುಲಿ, ಚಿರತೆ, ಸೀಳುನಾಯಿ ಇನ್ನೂ ಉಳಿದಿವೆ. ಹಾಗೆಂದು ನಮ್ಮಲ್ಲಿ ಎಲ್ಲವೂ ಸಲೀಸಲ್ಲ. ನನ್ನ ತವರು ಹಾವೇರಿ ಜಿಲ್ಲೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಸುತ್ತ ಹೊಲ ಮಾಡುವವರನ್ನು ಕೇಳಿ, ಮೊಳಕೆಯೊಡೆದ ಪೈರನ್ನು ಹಿಂಡು ಮೇದುಹೋದ ಸಂಕಟ ಅವರಿಗೆ ಗೊತ್ತು.

ಟೆಕ್ಸಾಸಿಗೆ ವಲಸೆ ಬಂದ ನಮ್ಮ ಜಿಂಕೆ

ಲಾಡ್ಜಿನ ಸುತ್ತ ಮಕ್ಕಳು ಮೈತುಂಬ ಬಿಳಿ ಚುಕ್ಕೆಯ, ದೊಡ್ಡ ಜಿಂಕೆ ಕಂಡರೆ ಕೂಗಿ ಹೇಳಲಿ. ಬಿಳಿಬಾಲದ ಜಿಂಕೆಗೆ ಮರಿಯಾಗಿದ್ದಾಗ ಮಾತ್ರ ಚುಕ್ಕೆ. ದೊಡ್ಡದಾದ ಮೇಲೂ ಚುಕ್ಕೆ ಇದ್ದರೆ ಅದು ನಾಗರಹೊಳೆ, ಬಂಡೀಪುರದಲ್ಲಿ ನಾವು ನೋಡುವ ಅದೇ ಚುಕ್ಕೆಜಿಂಕೆ. 1932ರಲ್ಲಿ ಅದನ್ನು ಟೆಕ್ಸಾಸಿಗೆ ತಂದರು. ಅದೇ ವರ್ಷ ಕೆರ್ ಕೌಂಟಿಗೆ ಕೃಷ್ಣಮೃಗ ಬಂತು. ದಕ್ಷಿಣದ ಕಿಂಗ್ ರ್ಯಾಂಚ್‌ಗೆ ಅದೇ ಕಾಲದಲ್ಲಿ ನೀಲಗಾಯ್ ಬಂತು. ಬೇಲಿ ದಾಟಿ ಹೋದವು ಕಾಡಿನಲ್ಲೇ ಸಂಸಾರ ಹೂಡಿದವು. ಈಗ ಸ್ಥಳೀಯ ಜಿಂಕೆಯ ಮೇವಿಗೆ ಪೈಪೋಟಿ ಕೊಡುವಷ್ಟು ಬೆಳೆದಿವೆ. ಇವು ಹೊರಗಿನವು ಎಂಬ ಕಾರಣಕ್ಕೆ ಇವುಗಳ ಬೇಟೆಗೆ ಋತುವಿನ ಮಿತಿಯಿಲ್ಲ. ಜಮೀನಿನವರ ಒಪ್ಪಿಗೆ, ಬೇಟೆ ಪರವಾನಗಿ ಇದ್ದರೆ ವರ್ಷವಿಡೀ ಹೊಡೆಯಬಹುದು. ಲಾಡ್ಜಿನವರಿಗೆ ಜನವರಿಯ ನಂತರವೂ ಗಿರಾಕಿ ಬರುವುದು ಇವುಗಳಿಂದ.

ಮಕ್ಕಳಿಗೆ ಹೇಳಬಹುದಾದ ಇನ್ನೊಂದು ಸಂಗತಿ. ಬಿಳಿಬಾಲದ ಗಂಡು ಶರತ್ಕಾಲದಲ್ಲಿ ಹಗಲು ಕಿರಿದಾಗುವುದನ್ನು ನೋಡಿ ಬೆದೆಗೆ ಬರುತ್ತದೆ, ಚಳಿಗಾಲದ ಕೊನೆಗೆ ಎಲ್ಲವೂ ಕೊಂಬು ಉದುರಿಸುತ್ತವೆ. ಚುಕ್ಕೆಜಿಂಕೆ ಹಾಗಲ್ಲ. ಒಂದು ಗಂಡಿಗೆ ಕೊಂಬು ಗಟ್ಟಿಯಾಗಿರುವಾಗಲೇ ಇನ್ನೊಂದಕ್ಕೆ ಎಳೆಗೊಂಬು ಚಿಗುರುತ್ತಿರುತ್ತದೆ. ಟೆಕ್ಸಾಸಿಗೆ ಬಂದು ತೊಂಬತ್ತು ವರ್ಷ ದಾಟಿದರೂ ಅದು ತನ್ನ ಹಳೆಯ ಪಂಚಾಂಗವನ್ನು ಬಿಟ್ಟಿಲ್ಲ.

ಕೃಷ್ಣಮೃಗದ್ದಂತೂ ಉಲ್ಟಾ ಪಯಣವೂ ಆಯಿತು. ಪಾಕಿಸ್ತಾನದಲ್ಲಿ ಅದರ ಸಂತತಿ ಅಳಿದುಹೋದಾಗ, 1970ರ ದಶಕದಲ್ಲಿ ಅಲ್ಲಿನ ಲಾಲ್ ಸುಹಾನ್ರಾ ಉದ್ಯಾನಕ್ಕೆ ಟೆಕ್ಸಾಸಿನ ಕೃಷ್ಣಮೃಗಗಳನ್ನೇ ಕಳಿಸಿದರು.

ಕಾರಿನಲ್ಲಿ ಕಲಿಸಬಹುದಾದ ಪದಗಳು

ಮಕ್ಕಳಿಗೆ ಎಲ್ಲವೂ ‘ಡಿಯರ್’. ಕನ್ನಡದಲ್ಲಿ ಕಡವೆ ಬೇರೆ, ಚುಕ್ಕೆಜಿಂಕೆ ಬೇರೆ, ಕಾಡುಕುರಿ ಬೇರೆ, ಕೃಷ್ಣಮೃಗ ಬೇರೆ. ಇವುಗಳ ಚಿತ್ರ ಫೋನಿನಲ್ಲಿ ಇಟ್ಟುಕೊಂಡರೆ ದಾರಿಯುದ್ದಕ್ಕೂ ಆಟ. ಕೊಂಬು ಎಂದರೆ ಸಾಕೆನಿಸಿದರೂ, ಪ್ರತಿವರ್ಷ ಉದುರಿ ಮತ್ತೆ ಹುಟ್ಟುವ ಜಿಂಕೆಯ ಕವಲುಗೊಂಬಿಗೂ ಜೀವಮಾನವಿಡೀ ಉಳಿಯುವ ಕೃಷ್ಣಮೃಗದ ತಿರುಚುಗೊಂಬಿಗೂ ಇರುವ ವ್ಯತ್ಯಾಸ ಹೇಳಿ. ಹೆಜ್ಜೆಗುರುತು, ಹಿಕ್ಕೆ, ಮೇವು, ಹಿಂಡು, ಹೊಂಚು, ಗುರಿ, ಮಚಾನು ಇವೆಲ್ಲ ಲಾಡ್ಜಿನ ಅಂಗಳದಲ್ಲೇ ಕಣ್ಣಿಗೆ ಬೀಳುತ್ತವೆ. ಪಟ್ಟಿ ಮಾಡಿ ಬಾಯಿಪಾಠ ಮಾಡಿಸಬೇಡಿ. ಹಿಕ್ಕೆ ಕಂಡಾಗ ಹಿಕ್ಕೆ ಎನ್ನಿ, ನಗು ಬರುತ್ತದೆ, ಪದ ಉಳಿಯುತ್ತದೆ.

ಹೊರಡುವ ಮುನ್ನ

ಕೋಣೆ ಕಾದಿರಿಸುವಾಗಲೇ ಲಾಡ್ಜಿನವರನ್ನು ಕೇಳಿ: ಅಲ್ಲಿ ಬೇಟೆ ನಡೆಯುತ್ತದೆಯೇ, ಯಾವ ಬೇಲಿಯ ಆಚೆ ಹೋಗಬಾರದು, ಮಾಂಸ ಸುಲಿಯುವ ಜಾಗ ಎಲ್ಲಿದೆ. ಸಸ್ಯಾಹಾರಿಗಳಾದರೆ ಅಡುಗೆಮನೆಯ ಪಾತ್ರೆಗಳ ಬಗ್ಗೆಯೂ ಮೊದಲೇ ಕೇಳಿಬಿಡಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಬೆಳಗಿನ ಜಾವ, ಮುಸ್ಸಂಜೆ ಮಕ್ಕಳನ್ನು ಅಂಗಳದಾಚೆ ಬಿಡಬೇಡಿ. ಟೆಕ್ಸಾಸಿನಲ್ಲಿ ಸಾರ್ವಜನಿಕ ಬೇಟೆ ಜಮೀನಿನಲ್ಲಿ ಹೊಳೆಯುವ ಕಿತ್ತಳೆ ಬಣ್ಣದ ಉಡುಪು ಕಡ್ಡಾಯ, ಖಾಸಗಿ ಜಮೀನಿನಲ್ಲಿ ಕಡ್ಡಾಯವಿಲ್ಲ. ಆದರೂ ಮಕ್ಕಳಿಗೆ ಕಿತ್ತಳೆ ಟೋಪಿ ಹಾಕಿ. ಕಂದು, ಬಿಳಿ ಬಟ್ಟೆ ಬೇಡ. ಎನ್‌ಚಾಂಟೆಡ್ ರಾಕ್‌ನಂಥ ರಾಜ್ಯ ಉದ್ಯಾನಗಳು ಈ ತಿಂಗಳುಗಳಲ್ಲಿ ಕೆಲವು ದಿನ ಸಾರ್ವಜನಿಕ ಬೇಟೆಗಾಗಿ ಮುಚ್ಚಿರುತ್ತವೆ. ಹೋಗುವ ಮುಂಚೆ ದಿನಾಂಕ ನೋಡಿಕೊಳ್ಳಿ. ಜಿಂಕೆಗಳು ಬೆದೆಯಲ್ಲಿರುವ ಕಾಲ, ರಸ್ತೆಗೆ ಹಾರುತ್ತವೆ. ಒಂದು ದಾಟಿದರೆ ಹಿಂದೆ ಇನ್ನೊಂದು ಇದೆ ಎಂದೇ ತಿಳಿದು ನಿಧಾನ ಮಾಡಿ. ಸಾಧ್ಯವಾದರೆ ಕತ್ತಲಾಗುವ ಮೊದಲೇ ತಲುಪಿ.

ಮಕ್ಕಳು ದೊಡ್ಡವರಾದಂತೆ ಶಾಲೆಯ ಗೆಳೆಯರೇ ಬೇಟೆಗೆ ಕರೆಯುವ ದಿನ ಬರಬಹುದು. ಟೆಕ್ಸಾಸಿನಲ್ಲಿ ಒಂಬತ್ತು ವರ್ಷ ತುಂಬಿದವರು ಬೇಟೆ ಸುರಕ್ಷತೆಯ ತರಬೇತಿಯ ಪ್ರಮಾಣಪತ್ರ ಪಡೆಯಬಹುದು. ಆಗ ಹೂಂ ಎನ್ನಬೇಕೋ ಬೇಡವೋ ನಿಮ್ಮ ಮನೆಯ ತೀರ್ಮಾನ. ಬಂದೂಕು ಎಂಬ ಪದವನ್ನೇ ಕನ್ನಡದಲ್ಲಿ ಆಡದ ಮನೆಯಲ್ಲಿ ಆ ಮಾತುಕತೆ ಕಷ್ಟ. ಇವತ್ತು ಜಿಂಕೆಯ ಬಗ್ಗೆ ಕನ್ನಡದಲ್ಲಿ ಮಾತಾಡಿದ ಮಗು ನಾಳೆ ಬಂದೂಕಿನ ಬಗ್ಗೆ, ಮುಂದೆ ತನ್ನದೇ ದುಃಖದ ಬಗ್ಗೆ ಕನ್ನಡದಲ್ಲಿ ಬಾಯಿಬಿಟ್ಟೀತು. ಲಾಡ್ಜು ಬಿಡುವ ದಿನ ಒಡೆಯರಿಗೆ ಧನ್ಯವಾದ ಹೇಳುವಾಗ ಮಗುವಿನಿಂದಲೇ ಒಂದು ಪ್ರಶ್ನೆ ಕೇಳಿಸಿ: ‘ಈ ವರ್ಷ ನಿಮಗೆ ಒಳ್ಳೆಯ ಸುಗ್ಗಿ ಆಯಿತಾ?’ ಅವರ ಉತ್ತರವನ್ನು ಕಾರಿನಲ್ಲಿ ಕೂತು ಕನ್ನಡದಲ್ಲಿ ಅಜ್ಜಿಗೆ ಫೋನ್ ಮಾಡಿ ಹೇಳಲಿ. ಅಜ್ಜಿಯಿಂದ ಇನ್ನೂ ಹತ್ತು ಪ್ರಶ್ನೆ ಬರುತ್ತವೆ, ಇರ್ವಿಂಗ್ ತಲುಪುವವರೆಗೆ ಮಾತಿಗೆ ಬರವಿರುವುದಿಲ್ಲ.