ವಸಂತಕಾಲದಲ್ಲಿ ಹಿತ್ತಲ ತೋಟದ ಕೆಲಸಗಳು

ಯುಗಾದಿಯ ವೇಳೆಗೆ ಬಯಲುಸೀಮೆಯ ಗ್ರಾಮಗಳಲ್ಲಿ ಹೊಲದ ಕೆಲಸಗಳು ಬಹುಮಟ್ಟಿಗೆ ಮುಗಿದು, ಕಣಗಳು ಬರಿದಾಗಿ, ರಾಗಿಯು ಮನೆಯನ್ನೂ ಹುಲ್ಲು ಮೆದೆಯನ್ನೂ ಸೇರಿರುತ್ತವೆ. ಹೊಂಗೆಯೂ ಬೇವೂ ಚಿಗುರಿ ನಿಂತಿರುತ್ತವೆ. ಮುಂಗಾರಿನ ಉಳುಮೆಗೆ ಇನ್ನೂ ಕೆಲವು ವಾರಗಳ ಅವಕಾಶವಿರುತ್ತದೆ. ಈ ವಿರಾಮಕಾಲದಲ್ಲಿ ಗೃಹಸ್ಥನ ದೃಷ್ಟಿಯು ಮನೆಯ ಹಿಂದಣ ಹಿತ್ತಲಿನ ಕಡೆಗೆ ತಿರುಗುವುದು ಯುಕ್ತವಾಗಿದೆ.

ಹತ್ತಾರು ಎಕರೆ ಜಮೀನುಳ್ಳ ಮನೆತನಗಳಲ್ಲಿಯೂ ಫಾಲ್ಗುಣದಿಂದ ಜ್ಯೇಷ್ಠದವರೆಗೆ ಸೊಪ್ಪು ತರಕಾರಿಗಳನ್ನು ಸಂತೆಯಿಂದಲೇ ಕೊಂಡು ತರುವ ವಾಡಿಕೆಯನ್ನು ಅನೇಕ ಗ್ರಾಮಗಳಲ್ಲಿ ಕಾಣಬಹುದು. ಸಂತೆಯು ವಾರಕ್ಕೊಮ್ಮೆ ನೆರೆಯತಕ್ಕದ್ದು; ಅಲ್ಲಿಂದ ತಂದ ಸೊಪ್ಪು ಬೇಸಗೆಯ ಬಿಸಿಲಿಗೆ ಎರಡು ದಿವಸವೂ ನಿಲ್ಲುವುದಿಲ್ಲ. ಉಳಿದ ದಿವಸಗಳಲ್ಲಿ ಹುರುಳಿಯ ಸಾರು, ಗೊಜ್ಜು, ಉಪ್ಪಿನಕಾಯಿಗಳಿಂದಲೇ ಊಟವು ಸಾಗುತ್ತದೆ. ಇದರಿಂದ ಹಣಕ್ಕಿಂತಲೂ ಹೆಚ್ಚಿನ ನಷ್ಟವುಂಟು. ಹಸುರು ಸೊಪ್ಪಿನಿಂದ ದೊರೆಯತಕ್ಕ ಎ ಜೀವಸತ್ತ್ವದ ಕೊರತೆಯು ಬಹುಕಾಲ ಮುಂದುವರಿದರೆ ಮಕ್ಕಳಿಗೆ ಇರುಳುಗುರುಡು ಬರುವ ಸಂಭವವಿದೆ. ಕಬ್ಬಿಣದ ಅಂಶವು ಸಾಲದೆ ಗರ್ಭಿಣಿಯರೂ ಬಾಣಂತಿಯರೂ ರಕ್ತಹೀನತೆಗೆ ಗುರಿಯಾಗುತ್ತಾರೆ. ಹರಿವೆ, ಬಸಳೆ, ನುಗ್ಗೆಸೊಪ್ಪು ಇವು ಮನೆಯ ಹಿತ್ತಲಿನಲ್ಲಿ ಬೆಳೆಯುತ್ತಿದ್ದಲ್ಲಿ ಈ ಕೊರತೆಯು ಬಹಳಮಟ್ಟಿಗೆ ನೀಗುವುದು. ಆದಕಾರಣ ಹಿತ್ತಲ ತೋಟವನ್ನು ಹೆಂಗಸರ ವಿನೋದವೆಂದು ಬಗೆದು ಅಲಕ್ಷ್ಯಮಾಡತಕ್ಕದ್ದಲ್ಲ.

ನೀರಿನ ಲೆಕ್ಕ

ವಸಂತದ ತೋಟಗಳು ಕೆಡುವುದು ಸಾಮಾನ್ಯವಾಗಿ ಗೊಬ್ಬರದ ಕೊರತೆಯಿಂದಲ್ಲ, ನೀರಿನ ಲೆಕ್ಕ ತಪ್ಪುವುದರಿಂದ. ಯುಗಾದಿಯ ಉತ್ಸಾಹದಲ್ಲಿ ಹಿತ್ತಲನ್ನೆಲ್ಲ ಅಗೆದು ಬಿತ್ತಿದವನ ಬಾವಿಯು ವೈಶಾಖಮಾಸದಲ್ಲಿ ತಳ ಕಾಣಲು, ಕಾಯಿ ಬಿಡುವ ಹೊತ್ತಿಗೆ ಸರಿಯಾಗಿ ಬಳ್ಳಿಗಳು ಒಣಗುತ್ತವೆ. ಅವನ ನೆರೆಯಲ್ಲಿಯೇ ಬಚ್ಚಲಿನ ಪಕ್ಕದಲ್ಲಿ ನಾಲ್ಕು ಗುಂಡಿ ತೋಡಿ ಹೀರೆ ಪಡವಲಗಳನ್ನು ಹಬ್ಬಿಸಿದವನು ಮಳೆಗಾಲದವರೆಗೂ ಕಾಯಿ ಕೊಯ್ಯುತ್ತಿರುತ್ತಾನೆ. ಇಂಥ ಉದಾಹರಣೆಗಳು ಗ್ರಾಮಾಂತರಗಳಲ್ಲಿ ವಿರಳವಲ್ಲ.

ಬೇಸಗೆಯ ಬಿಸಿಲಿನಲ್ಲಿ ೧೦೦ ಚದರಡಿ ಪಾತಿಗೆ ದಿವಸಕ್ಕೆ ಸುಮಾರು ೬೦ ಲೀಟರು, ಅಂದರೆ ೧೫ ಲೀಟರು ಹಿಡಿಯುವ ಕೊಡದಲ್ಲಿ ನಾಲ್ಕು ಕೊಡ ನೀರು ಬೇಕಾಗುವುದೆಂದು ಎಣಿಸಬಹುದು. ಆರು ಜನರಿರುವ ಮನೆಯಲ್ಲಿ ಒಬ್ಬೊಬ್ಬರ ಸ್ನಾನಕ್ಕೆ ೨೦ ಲೀಟರಿನಂತೆ ೧೨೦ ಲೀಟರು ನೀರು ಪ್ರತಿದಿನವೂ ಬಚ್ಚಲಿನಿಂದ ಹೊರಕ್ಕೆ ಹರಿಯುತ್ತದೆ. ಅಕ್ಕಿ ತೊಳೆದ ನೀರು ಕಲಗಚ್ಚಿನ ಬಾನಿಯನ್ನು ಸೇರಿ ದನಗಳ ಪಾಲಾಗುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಬಚ್ಚಲ ನೀರೊಂದರಿಂದಲೇ ೨೦ ಅಡಿ ಉದ್ದ, ೧೦ ಅಡಿ ಅಗಲದ ನೆಲವನ್ನು ಬಾವಿಯ ನೀರು ಮುಟ್ಟದೆ ಕಾಪಾಡಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೆ ಇದರಲ್ಲಿ ಕೆಲವು ನಿಯಮಗಳುಂಟು. ಬಚ್ಚಲ ನೀರನ್ನು ಬಾಳೆ, ಕೆಸವು, ಚಪ್ಪರದ ಬಳ್ಳಿಗಳು ಮತ್ತು ಹೂವಿನ ಗಿಡಗಳ ಬುಡಕ್ಕೆ ಮಾತ್ರ ಬಿಡಬೇಕು; ಸೊಪ್ಪಿನ ಪಾತಿಗೂ ಹಸಿಯಾಗಿ ತಿನ್ನತಕ್ಕ ಕಾಯಿಗಳ ಮೇಲೂ ಹಾಕಕೂಡದು. ಬಟ್ಟೆ ಒಗೆದ ಸೋಡದ ನೀರು ಇದರೊಡನೆ ಸೇರಬಾರದು. ಅದರಿಂದ ನೆಲವು ಬಿಗಿಯುತ್ತದೆ. ಕಾಲುವೆಯಲ್ಲಿ ನೀರು ನಿಂತರೆ ಸೊಳ್ಳೆಗಳು ಹುಟ್ಟುವುದರಿಂದ ಅದರ ತಳದಲ್ಲಿ ಜಲ್ಲಿ ಮರಳು ಹಾಕಿ, ಒಂದೊಂದು ದಿವಸ ಒಂದೊಂದು ಗುಂಡಿಗೆ ನೀರನ್ನು ತಿರುಗಿಸುತ್ತಿರಬೇಕು. ಸೊಪ್ಪಿಗಾಗಿ ೫ ಅಡಿ ಉದ್ದ, ೪ ಅಡಿ ಅಗಲದ ಪಾತಿಯೊಂದನ್ನು ಬೇರೆಯಾಗಿರಿಸಿ, ದಿನಕ್ಕೊಂದು ಕೊಡ ಬಾವಿಯ ನೀರನ್ನು ಕೊಟ್ಟರೆ ಸಾಕು. ನೀರು ಹಾಕುವ ವೇಳೆಯು ಮುಂಜಾನೆಯಾಗಲಿ ಹೊತ್ತು ಇಳಿದ ಮೇಲಾಗಲಿ ಇರಬೇಕು. ಬುಡದ ಸುತ್ತ ತರಗೆಲೆ, ಕಬ್ಬಿನ ಸೋಗೆ, ಕಡಲೆಕಾಯಿಯ ಸಿಪ್ಪೆ ಇವುಗಳಲ್ಲಿ ದೊರೆತುದನ್ನು ಎರಡು ಮೂರು ಅಂಗುಲ ದಪ್ಪನಾಗಿ ಹೊದಿಸಿದರೆ ನೀರು ಗಣನೀಯವಾಗಿ ಉಳಿಯುತ್ತದೆ. ಗೆದ್ದಲಿನ ಕಾಟವಿರುವ ನೆಲದಲ್ಲಿ ಈ ಹೊದಿಕೆಯನ್ನು ಗಿಡದ ಕಾಂಡಕ್ಕೆ ತಾಗಿಸಕೂಡದು.

ನೆಲದ ಸಿದ್ಧತೆ

ಬಳ್ಳಿಗಳಿಗಾಗಿ ಒಂದೂವರೆ ಅಡಿ ಉದ್ದ, ಅಗಲ, ಆಳಗಳುಳ್ಳ ಗುಂಡಿಗಳನ್ನು ತೋಡಿ, ಎಂಟು ದಿವಸ ಬಿಸಿಲಿಗೆ ಬಿಟ್ಟು, ಅನಂತರ ಮೇಲುಮಣ್ಣನ್ನೂ ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರವನ್ನೂ ಸಮಭಾಗ ಬೆರಸಿ ತುಂಬತಕ್ಕದ್ದು. ಹಸಿಯ ಸಗಣಿಯನ್ನು ಹಾಕುವುದು ದೊಡ್ಡ ತಪ್ಪು. ಅದು ಕಳಿಯುವಾಗ ಎಳೆಯ ಬೇರುಗಳಿಗೆ ಕೇಡಾಗುವುದಲ್ಲದೆ ಗೊಣ್ಣೆಹುಳುವೂ ಗೆದ್ದಲೂ ಸೇರಿಕೊಳ್ಳುತ್ತವೆ. ಮಳೆಗಾಲದಲ್ಲಿ ಪಾತಿಯು ಎತ್ತರವಾಗಿರಬೇಕು. ಬೇಸಗೆಯಲ್ಲಿ ನೆಲಮಟ್ಟಕ್ಕೆ ಎರಡು ಅಂಗುಲ ತಗ್ಗಾಗಿದ್ದರೆ ನೀರು ಹೊರಕ್ಕೆ ಹರಿದುಹೋಗುವುದಿಲ್ಲ. ಈ ಭೇದವನ್ನು ಅರಿಯದೆ ವರ್ಷವೆಲ್ಲ ಒಂದೇ ಬಗೆಯ ಪಾತಿಯನ್ನು ಇಟ್ಟುಕೊಳ್ಳುವುದರಿಂದ ಶ್ರಮವು ವ್ಯರ್ಥವಾಗುತ್ತದೆ.

ಬಿತ್ತತಕ್ಕ ತರಕಾರಿಗಳು

ಕೋಸು, ಗಜ್ಜರಿ, ಬಟಾಣಿ ಮುಂತಾದ ತಂಪುಕಾಲದ ಬೆಳೆಗಳನ್ನು ಬಯಲುಸೀಮೆಯಲ್ಲಿ ಈ ಕಾಲದಲ್ಲಿ ಪ್ರಯತ್ನಿಸಕೂಡದು. ಬೆಂಡೆ, ಗೋರಿಕಾಯಿ, ಅಲಸಂದೆ, ಹೀರೆ, ಹಾಗಲ, ಪಡವಲ, ಸೋರೆ, ಸೌತೆ, ಕುಂಬಳ, ಹರಿವೆ, ದಂಟು, ಬಸಳೆ ಇವೇ ಬಿಸಿಲನ್ನು ತಡೆಯತಕ್ಕವು. ಬೆಂಡೆಯ ಬೀಜವನ್ನು ಒಂದು ರಾತ್ರಿಯೂ, ಗಟ್ಟಿಯಾದ ಸಿಪ್ಪೆಯುಳ್ಳ ಹಾಗಲದ ಬೀಜವನ್ನು ಒಂದು ಹಗಲು ಒಂದು ರಾತ್ರಿಯೂ ನೀರಿನಲ್ಲಿ ನೆನೆಯಿಸಿ ಬಿತ್ತಬೇಕು. ಬೆಂಡೆಗೆ ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಒಂದಡಿ ಅಂತರವಿರಲಿ. ಬಳ್ಳಿಗಳಲ್ಲಿ ಗುಂಡಿಗೆ ಐದಾರು ಬೀಜ ಹಾಕಿ, ಮೊಳೆತ ಮೇಲೆ ಬಲವಾದ ಎರಡನ್ನು ಮಾತ್ರ ಉಳಿಸಿಕೊಳ್ಳತಕ್ಕದ್ದು. ಮಿಕ್ಕವುಗಳನ್ನು ಕೀಳಲು ಮನಸ್ಸು ಬಾರದೆ ಆರನ್ನೂ ಬಿಟ್ಟವನಿಗೆ ಎಲೆ ದೊರೆಯುವುದೇ ಹೊರತು ಕಾಯಿ ದೊರೆಯುವುದಿಲ್ಲ. ಹರಿವೆಯ ಸಣ್ಣ ಬೀಜವನ್ನು ನಾಲ್ಕರಷ್ಟು ಮರಳಿನಲ್ಲಿ ಬೆರಸಿ ಚೆಲ್ಲಿ, ಇರುವೆ ಹೊರದಂತೆ ಪಾತಿಯ ಸುತ್ತ ಬೂದಿ ಎರಚಬೇಕು. ತಿಂಗಳೊಳಗಾಗಿ ಸೊಪ್ಪು ಕೀಳಲು ಬರುತ್ತದೆ. ಹದಿನೈದು ದಿವಸಕ್ಕೊಮ್ಮೆ ಪಾತಿಯ ಅರ್ಧಭಾಗದಂತೆ ಬಿತ್ತುತ್ತಿದ್ದರೆ ಸೊಪ್ಪು ಎಡೆಬಿಡದೆ ದೊರೆಯುವುದು.

ಬೆಂಡೆಯು ಬಿತ್ತಿದ ಸುಮಾರು ೫೦ ದಿವಸಕ್ಕೆ ಕಾಯಿ ಕೊಡಲಾರಂಭಿಸುತ್ತದೆ. ದಿನ ಬಿಟ್ಟು ದಿನ ಎಳೆಯದಾಗಿಯೇ ಕೊಯ್ಯಬೇಕು. ಗಿಡದಲ್ಲಿ ಕಾಯಿ ಬಲಿತಷ್ಟೂ ಹೊಸ ಕಾಯಿ ಕಡಮೆಯಾಗುತ್ತದೆ.

ಬಳ್ಳಿಗಳ ಹೂವು ಮತ್ತು ಕಾಯಿ

ಬಳ್ಳಿಯು ಹೂ ಬಿಟ್ಟು ಹೂವೆಲ್ಲ ಉದುರಿಹೋಯಿತೆಂದು, ಗೊಡ್ಡು ಬಳ್ಳಿಯೆಂದು ಕಿತ್ತೆಸೆಯುವವರುಂಟು. ಈ ಜಾತಿಯ ಬಳ್ಳಿಗಳಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬೇರೆಬೇರೆಯಾಗಿದ್ದು, ಮೊದಲು ಬರುವುವು ಸಾಧಾರಣವಾಗಿ ಗಂಡು ಹೂಗಳು, ಅವು ಉದುರತಕ್ಕವೇ. ಹೆಣ್ಣು ಹೂವಿನ ಕೆಳಗೆ ಎಳೆಯ ಮಿಡಿಯೊಂದು ಮೊದಲಿನಿಂದಲೇ ಕಾಣುತ್ತಿರುತ್ತದೆ. ದುಂಬಿ ಜೇನುಗಳು ವಿರಳವಾಗಿರುವಲ್ಲಿ ಈ ಮಿಡಿಗಳು ಹಳದಿಯಾಗಿ ಬೀಳುತ್ತವೆ. ಆಗ ಗಂಡು ಹೂವೊಂದನ್ನು ಕಿತ್ತು, ಎಸಳು ತೆಗೆದು, ಅದರ ಧೂಳಿಯನ್ನು ಹೆಣ್ಣು ಹೂವಿನ ನಡುವೆ ಮೃದುವಾಗಿ ತಾಗಿಸಿದರೆ ಕಾಯಿ ಕಟ್ಟುತ್ತದೆ. ಕುಂಬಳ, ಸೌತೆ, ಹಾಗಲಗಳ ಹೂಗಳು ಬೆಳಗ್ಗೆ ಅರಳುವುದರಿಂದ ಅವಕ್ಕೆ ಮುಂಜಾನೆಯೂ, ಹೀರೆ, ಸೋರೆ, ಪಡವಲಗಳು ಸಂಜೆಗೆ ಅರಳುವುದರಿಂದ ಅವಕ್ಕೆ ಮುಚ್ಚಂಜೆಯೂ ತಕ್ಕ ಸಮಯ. ಮನೆಯ ಮಕ್ಕಳಿಗೆ ಒಮ್ಮೆ ತೋರಿಸಿಕೊಟ್ಟರೆ ಈ ಕೆಲಸವನ್ನು ಅವರೇ ಸಂತೋಷದಿಂದ ನಡೆಯಿಸುವರು.

ಕೀಟಗಳೂ ರೋಗಗಳೂ

ಎಳೆಯ ಬಳ್ಳಿಗಳ ಎಲೆಯನ್ನು ತೂತುಮಾಡುವ ಕೆಂಪು ದುಂಬಿಗಳನ್ನು, ಅವು ಮಂಕಾಗಿರುವ ಮುಂಜಾನೆಯಲ್ಲಿ ಕೈಯಿಂದಲೇ ಹಿಡಿದು ನಾಶಪಡಿಸಬಹುದು. ಎಲೆಗಳ ಮೇಲೆ ಒಲೆಯ ಬೂದಿಯನ್ನು ತೆಳುವಾಗಿ ಉದುರಿಸುವುದೂ ಸಹಾಯಕ. ಹಾಗಲ ಹೀರೆಗಳನ್ನು ಹೆಚ್ಚಾಗಿ ಕೆಡಿಸತಕ್ಕದ್ದು ಹಣ್ಣುನೊಣ. ಇದು ಎಳೆಗಾಯಿಯನ್ನು ಚುಚ್ಚಿ ಮೊಟ್ಟೆಯಿಡಲು, ಹುಳುಗಳು ಒಳಗೆ ತಿರುಳನ್ನು ತಿಂದು, ಕಾಯಿ ಕೊಳೆತ ಬಳಿಕ ನೆಲಕ್ಕಿಳಿದು ಮಣ್ಣಿನಲ್ಲಿ ಕೋಶಾವಸ್ಥೆಯನ್ನು ಕಳೆಯುತ್ತವೆ. ಕೊಳೆತ ಕಾಯಿಯನ್ನು ಬೇಲಿಯಾಚೆ ಎಸೆಯುವುದೆಂದರೆ ನೊಣವನ್ನು ಸಾಕಿದಂತೆಯೇ ಸರಿ. ಅಂಥ ಕಾಯಿಗಳನ್ನು ದಿನವೂ ಆರಿಸಿ ಎರಡು ಅಡಿ ಆಳದಲ್ಲಿ ಹೂಳಬೇಕು. ಬಳ್ಳಿಯ ಕೆಳಗಿನ ಮಣ್ಣನ್ನು ಆಗಾಗ ಕೆದಕಬೇಕು. ಎಳೆಯ ಕಾಯಿಗಳಿಗೆ ಕಾಗದದ ಚೀಲ ಕಟ್ಟಿದರೆ ನೊಣವು ಮುಟ್ಟಲಾರದು.

ಬೆಂಡೆಯ ಎಲೆಯ ನರಗಳು ಹಳದಿಯಾಗುವ ರೋಗವನ್ನು ಬಿಳಿನೊಣವು ಹರಡುತ್ತದೆ. ರೋಗ ಹಿಡಿದ ಗಿಡಕ್ಕೆ ಮದ್ದಿಲ್ಲ. ಕಂಡೊಡನೆ ಕಿತ್ತು ಸುಡುವುದೇ ಉಪಾಯ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಈ ರೋಗವನ್ನು ತಡೆಯಲೆಂದು ಅರ್ಕಾ ಅನಾಮಿಕ ಎಂಬ ತಳಿಯನ್ನು ಹೊರತಂದಿದೆ. ರೋಗವು ವರ್ಷವರ್ಷವೂ ಬರುವ ಹಿತ್ತಲುಗಳಲ್ಲಿ ಇಂಥ ತಳಿಯನ್ನು ಬಿತ್ತುವುದು ಲೇಸು. ರಸಹೀರುವ ಸಣ್ಣ ಹುಳುಗಳಿಗೆ ಬೇವಿನ ಬೀಜದ ಕಷಾಯವು ಯೋಗ್ಯವಾದುದು: ಲೀಟರು ನೀರಿಗೆ ೫೦ ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ ರಾತ್ರಿಯೆಲ್ಲ ನೆನೆಯಿಟ್ಟು, ಸೋಸಿ, ಸ್ವಲ್ಪ ಸಾಬೂನು ಕರಗಿಸಿ ಸಂಜೆಯಲ್ಲಿ ಸಿಂಪಡಿಸಬೇಕು. ಬೂದಿರೋಗಕ್ಕೆ ಗಂಧಕವು ಸಾಮಾನ್ಯವಾದ ಔಷಧವಾದರೂ, ಬಿಸಿಲು ಪ್ರಖರವಾಗಿರುವಾಗ ಬಳ್ಳಿಗಳ ಎಲೆಯನ್ನು ಅದು ಸುಡುವುದರಿಂದ ಈ ಕಾಲದಲ್ಲಿ ಬಳಸದಿರುವುದು ಕ್ಷೇಮ. ಹೊಲದ ಬೆಳೆಗೆಂದು ತಂದು ಉಳಿದ ವಿಷದ ಔಷಧಗಳನ್ನು ಹಿತ್ತಲ ಸೊಪ್ಪಿಗೆ ಹೊಡೆಯುವುದು ಅತ್ಯಂತ ಅಪಾಯಕರ. ಆ ಸೊಪ್ಪು ಮರುದಿನವೇ ಮಕ್ಕಳ ಎಲೆಗೆ ಬೀಳುವುದೆಂಬುದನ್ನು ಮನೆಯ ಯಜಮಾನನು ಮರೆಯತಕ್ಕದ್ದಲ್ಲ.

ಹೂವಿನ ಗಿಡಗಳು

ಚಳಿಗಾಲದಲ್ಲಿ ಸವರಿದ ಮಲ್ಲಿಗೆಯು ಈಗ ಚಿಗುರಿ ಮೊಗ್ಗು ಬಿಡುತ್ತಿರುತ್ತದೆ. ಈ ಸಮಯದಲ್ಲಿ ಕತ್ತರಿಯನ್ನು ಮುಟ್ಟಿಸದೆ, ಬುಡಕ್ಕೆ ಒಂದು ಬುಟ್ಟಿ ಗೊಬ್ಬರ ಕೊಟ್ಟು, ನೀರನ್ನು ತಪ್ಪದೆ ಹಾಕುತ್ತಿರಬೇಕು. ಮೊಗ್ಗನ್ನು ಅರಳುವುದಕ್ಕೆ ಮುಂಚೆಯೇ ಬಿಡಿಸತಕ್ಕದ್ದು. ಮೈಸೂರು, ಉಡುಪಿ, ಹಡಗಲಿಗಳ ಮಲ್ಲಿಗೆಗಳು ಭೌಗೋಳಿಕ ಗುರುತಿನ ನೋಂದಣಿಯನ್ನು ಪಡೆದಿವೆ. ಹೆಸರಾಂತ ಈ ಮಲ್ಲಿಗೆಗಳಲ್ಲಿ ತಮ್ಮ ಸೀಮೆಗೆ ಒಗ್ಗಿದುದನ್ನು ಗ್ರಾಮದವರು ಕೈಬಿಡಬಾರದು.

ಸೇವಂತಿಗೆಯು ಹಗಲು ಕಿರಿದಾದಾಗ ಹೂಬಿಡತಕ್ಕ ಗಿಡವಾದುದರಿಂದ ವಸಂತದಲ್ಲಿ ಅದರ ಬೆಳವಣಿಗೆಯನ್ನು ಮಾತ್ರ ನೋಡಿಕೊಳ್ಳಬೇಕು. ಹಳೆಯ ಕಾಂಡಗಳನ್ನು ಕತ್ತರಿಸಿ, ಬುಡದಿಂದ ಎದ್ದ ಮರಿಗಳನ್ನು ಬೇರುಸಹಿತ ಬಿಡಿಸಿ ಅರೆನೆರಳಿನಲ್ಲಿ ನೆಟ್ಟು, ಮುಂಗಾರು ಬಿದ್ದೊಡನೆ ಪಾತಿಗೆ ವರ್ಗಾಯಿಸಿ, ನಾಲ್ಕು ವಾರಗಳ ತರುವಾಯ ತುದಿ ಚಿವುಟಿದರೆ ಕವಲೊಡೆದು ಹೂವು ಹೆಚ್ಚುವುದು. ಸುಗಂಧರಾಜದ ಗೆಡ್ಡೆಗಳಲ್ಲಿ ಸುಲಿದ ಅಡಕೆಯ ಗಾತ್ರಕ್ಕೆ ಕಡಮೆಯಿಲ್ಲದವನ್ನು ಆರಿಸಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಎರಡು ಅಂಗುಲ ಆಳಕ್ಕೆ ನೆಡಬಹುದು. ಗುಲಾಬಿಗೆ ಈಗ ಬಲವಾದ ಸವರಿಕೆ ಬೇಡ. ಬಾಡಿದ ಹೂಗಳನ್ನೂ, ಕಸಿಯ ಕಣ್ಣಿನ ಕೆಳಗಿನಿಂದ ಹೊರಟ ಕಾಡುಚಿಗುರುಗಳನ್ನೂ ಬುಡಸಮೇತ ತೆಗೆದುಹಾಕಿದರೆ ಸಾಕು.

ಒಟ್ಲುಪಾತಿ ಮತ್ತು ಬೀಜ

ಭರಣಿ, ಕೃತ್ತಿಕೆ ಮಳೆಗಳ ವೇಳೆಗೆ, ಎಂದರೆ ಮೇ ತಿಂಗಳಲ್ಲಿ, ಬದನೆ, ಮೆಣಸಿನಕಾಯಿ, ಟೊಮೇಟೊಗಳಿಗೆ ಒಟ್ಲು ಹಾಕಬೇಕು. ಅಕಸ್ಮಾತ್ ಮಳೆಯಾದರೆ ನೀರು ನಿಲ್ಲದಂತೆ ಇದೊಂದು ಪಾತಿಯು ಮಾತ್ರ ನಾಲ್ಕಾರು ಅಂಗುಲ ಎತ್ತರವಾಗಿರತಕ್ಕದ್ದು. ಬೀಜವನ್ನು ಸಾಲಾಗಿ ವಿರಳವಾಗಿ ಬಿತ್ತಿ, ಹುಲ್ಲು ಹೊದಿಸಿ, ಮೊಳೆತ ದಿವಸವೇ ಹುಲ್ಲನ್ನು ತೆಗೆಯಬೇಕು. ಒತ್ತಾಗಿ ಬಿತ್ತಿ ನೀರು ಹೆಚ್ಚಾಗಿ ಹಾಕಿದಲ್ಲಿ ಸಸಿಗಳು ಬುಡದಲ್ಲಿ ಕೊಳೆತು ಒರಗುತ್ತವೆ. ನಾಲ್ಕೈದು ವಾರಗಳಲ್ಲಿ ಸಸಿಗಳು ನಾಟಿಗೆ ಸಿದ್ಧವಾಗಿ, ಮುಂಗಾರು ಹಿಡಿಯುವ ಹೊತ್ತಿಗೆ ಸರಿಹೋಗುತ್ತವೆ.

ಬೀಜವನ್ನು ತೆಗೆಯುವ ವಿಷಯದಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪೆಂದರೆ, ಒಳ್ಳೆಯ ಕಾಯಿಗಳನ್ನೆಲ್ಲ ಅಡಿಗೆಗೆ ಕೊಯ್ದು, ಕೊನೆಗೆ ಉಳಿದ ಸೊಟ್ಟ ಕಾಯಿಯನ್ನು ಬೀಜಕ್ಕೆ ಬಿಡುವುದು. ಹೀಗೆ ಕೆಲವು ವರ್ಷ ನಡೆದರೆ ಅಜ್ಜಿಯರು ಕಾಪಾಡಿಕೊಂಡು ಬಂದ ತಳಿಯು ಕ್ಷೀಣಿಸುತ್ತದೆ. ಅತ್ಯುತ್ತಮವಾದ ಬಳ್ಳಿಯಲ್ಲಿ ನಡುಗಾಲದಲ್ಲಿ ಬಂದ ಎರಡು ಕಾಯಿಗಳಿಗೆ ದಾರ ಕಟ್ಟಿ ಗುರುತುಮಾಡಿ, ಅವನ್ನು ಪೂರ್ಣವಾಗಿ ಬಲಿಯಲು ಬಿಟ್ಟು, ಬೀಜವನ್ನು ನೆರಳಿನಲ್ಲಿ ಒಣಗಿಸಿ ಬೂದಿಯಲ್ಲಿ ಕಲಸಿ ಇಡಬೇಕು. ಬಳ್ಳಿಗಳಲ್ಲಿ ಪರಾಗವು ಕೀಟಗಳಿಂದ ಬೆರೆಯುವುದರಿಂದ, ಒಂದೇ ಜಾತಿಯ ಎರಡು ಬಗೆಗಳನ್ನು ಒಂದೇ ಕಾಲದಲ್ಲಿ ಬೆಳೆದಲ್ಲಿ ಬೀಜವು ಶುದ್ಧವಾಗಿ ಉಳಿಯುವುದಿಲ್ಲ. ಅಂಗಡಿಯಿಂದ ತಂದ ಸಂಕರಣ ಬೀಜದ ಕಾಯಿಯನ್ನು ಮರುಬೀಜಕ್ಕೆ ಬಿಟ್ಟರೆ ತಾಯಿಯ ಗುಣವು ಬಾರದು.

ಗ್ರಾಮದಲ್ಲಿ ಹಿರಿಯರೆನಿಸಿಕೊಂಡವರ ಮನೆಯ ಹಿತ್ತಲನ್ನು ಊರೆಲ್ಲವೂ ನೋಡುತ್ತಿರುತ್ತದೆ. ಅಲ್ಲಿ ಬಚ್ಚಲ ನೀರಿನಿಂದ ಬಳ್ಳಿ ಹಬ್ಬಿದುದನ್ನು ಕಂಡರೆ, ಜಮೀನಿಲ್ಲದ ಕುಟುಂಬವೂ ತನ್ನ ಗುಡಿಸಲಿನ ಹಿಂದೆ ಒಂದು ಗುಂಡಿಯನ್ನು ತೋಡಲು ಧೈರ್ಯಪಡುವುದು. ಹಸುರು ಸೊಪ್ಪಿನ ಅಗತ್ಯವು ಅಂಥ ಮನೆಯ ಮಕ್ಕಳಿಗೇ ಹೆಚ್ಚು. ಆದಕಾರಣ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಈ ವರ್ಷ ಯುಗಾದಿಯ ವಾರದಲ್ಲಿಯೇ ಗುಂಡಿಗಳನ್ನು ಸಿದ್ಧಪಡಿಸಿ, ತಮ್ಮಲ್ಲಿ ಮಿಕ್ಕ ಬೀಜವನ್ನೂ ಮುಂಗಾರಿನಲ್ಲಿ ಮಿಕ್ಕ ಸಸಿಗಳನ್ನೂ ನೆರೆಹೊರೆಯವರಿಗೆ ಹಂಚಬೇಕಾಗಿ ಅಪೇಕ್ಷಿಸಲಾಗಿದೆ. ಬೀಜದ ವಿಷಯದಲ್ಲಿಯೂ ರೋಗಗಳ ವಿಷಯದಲ್ಲಿಯೂ ಸಂದೇಹವಿರುವವರು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ ತಾಲ್ಲೂಕಿನ ತೋಟಗಾರಿಕಾ ಕಚೇರಿಯಲ್ಲಾಗಲಿ, ರೋಗ ಹಿಡಿದ ಎಲೆಯನ್ನೋ ಕಾಯಿಯನ್ನೋ ಜೊತೆಯಲ್ಲಿ ಒಯ್ದು, ವಿಚಾರಿಸಿ ತಿಳಿದುಕೊಳ್ಳಬಹುದು.